ಬಾಲಿಯಲ್ಲಿ ಒಂದು ದಿನ: ಬೆಳಿಗ್ಗೆ ಕಸುಬಿನ ಊರುಗಳು, ಮಧ್ಯಾಹ್ನದ ಮೇಲೆ ಕಡಲು

ಮೊದಲ ಸಲ ಬಾಲಿಗೆ ಹೋದಾಗ ನಾನು ದಿನವನ್ನೇ ತಲೆಕೆಳಗು ಮಾಡಿಕೊಂಡಿದ್ದೆ. ಬೆಳಿಗ್ಗೆ ಎದ್ದವನೇ ಸಾನುರ್ ಕಡಲಿಗೆ ಓಡಿದೆ. ನೀರು ಇಳಿದುಹೋಗಿತ್ತು. ಕಣ್ಣಿಗೆ ಕಾಣುವಷ್ಟು ದೂರ ಪಾಚಿ, ಕಲ್ಲು, ನಡುವೆ ಪಾದ ಮುಳುಗುವಷ್ಟು ನೀರು. ಸಂಜೆ ನಾಲ್ಕಕ್ಕೆ ಬೆವರುತ್ತ ಸಂತೆಗೆ ಹೋದರೆ ಕೆತ್ತನೆಯವರು ಉಳಿ ಕಟ್ಟಿಟ್ಟು ಮನೆಗೆ ಹೊರಟಿದ್ದರು. ಸುಸ್ತಾಗಿದ್ದೆ, ಹಸಿದಿದ್ದೆ, ಹೇಳಿದ ಬೆಲೆ ಕೊಟ್ಟು ಏನೇನೋ ತಂದೆ. ಅದರಲ್ಲಿ ಒಂದು ಮರದ ಬೆಕ್ಕು ಈಗ ಎರಡು ಹೋಳಾಗಿ ಅಟ್ಟದ ಮೇಲಿದೆ.

ಆಮೇಲೆ ಗೊತ್ತಾಯಿತು, ಬಾಲಿಯ ಭೂಪಟವೇ ಈ ದಿನದ ವೇಳಾಪಟ್ಟಿಯನ್ನು ಬರೆದಿಟ್ಟಿದೆ. ಒಳನಾಡಿನ ಉಬುದ್ ಊರಿನಿಂದ ದಕ್ಷಿಣಕ್ಕೆ ಇಳಿಯುವ ಒಂದೇ ದಾರಿಯಲ್ಲಿ ಮಾಸ್, ಬಾತುವಾನ್, ಸುಕವತಿ, ಚೆಲುಕ್, ಬಾತುಬುಲನ್, ತೋಹ್ಪತಿ ಎಂಬ ಊರುಗಳು ಮಣಿ ಪೋಣಿಸಿದಂತೆ ಸಾಲಾಗಿವೆ. ಒಂದು ಊರು ಮರಕ್ಕೆ, ಒಂದು ಚಿತ್ರಕ್ಕೆ, ಒಂದು ಬೆಳ್ಳಿಗೆ, ಒಂದು ಕಲ್ಲಿಗೆ, ಒಂದು ಬಟ್ಟೆಗೆ. ತೋಹ್ಪತಿ ದಾಟಿದರೆ ಸಾನುರ್, ಅಂದರೆ ಕಡಲು. ಉಬುದ್‌ನಿಂದ ಸಾನುರ್‌ಗೆ ಸುಮಾರು 25 ಕಿಲೋಮೀಟರ್. ಮೇಲಿನಿಂದ ಕೆಳಗೆ ಇಳಿಯುತ್ತ ಕೊಳ್ಳುವುದು, ಕೊನೆಗೆ ನೀರಿಗೆ ಬೀಳುವುದು. ದಕ್ಷಿಣದಲ್ಲಿ ಉಳಿದುಕೊಂಡವರು ಬೆಳಿಗ್ಗೆ 7ಕ್ಕೇ ಹೊರಟು ಎಲ್ಲೂ ನಿಲ್ಲದೆ ಮಾಸ್‌ಗೆ ಹೋಗಿ, ಅಲ್ಲಿಂದ ಇಳಿಯುತ್ತ ಬನ್ನಿ. ಹೋಗುವಾಗಲೂ ನಿಂತು, ಬರುವಾಗಲೂ ನಿಂತರೆ ಕಡಲು ಮುಟ್ಟುವಷ್ಟರಲ್ಲಿ ಕತ್ತಲು.

ಎರಡು ದಿನ ಮುಂಚೆ: ಪಂಚಾಂಗ ನೋಡಿ, ಕಡಲಿನ ಭರತ-ಇಳಿತ ನೋಡಿ

ದಿನ ಆರಿಸುವುದು ಮೊದಲ ಕೆಲಸ. ಬಾಲಿಯಲ್ಲಿ 210 ದಿನಗಳ ಒಂದು ಪಂಚಾಂಗವಿದೆ. ಗಲುಂಗಾನ್ ಹಬ್ಬ ಅದರ ಪ್ರಕಾರ ಬರುತ್ತದೆ, ಹಾಗಾಗಿ ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿವರ್ಷ ಬೇರೆ ಬೇರೆ ತಿಂಗಳಿಗೆ ಬೀಳುತ್ತದೆ. ಆಗ ಮನೆಮನೆಯ ಮುಂದೆ ಪೆಂಜೋರ್ ಎಂಬ ಬಾಗಿದ ಬಿದಿರಿನ ಅಲಂಕಾರದ ಕಂಬ ನಿಲ್ಲಿಸುತ್ತಾರೆ. ನೋಡುವುದಕ್ಕೆ ಅದಕ್ಕಿಂತ ಚೆಂದದ ಹೊತ್ತಿಲ್ಲ, ಆದರೆ ಕೆತ್ತುವವರು, ನೇಯುವವರು ಎಲ್ಲ ದೇವಸ್ಥಾನದಲ್ಲಿರುತ್ತಾರೆ. ಕೊಳ್ಳುವ ದಿನವನ್ನು ಹಬ್ಬದಿಂದ ಎರಡು ಮೂರು ದಿನ ಆಚೆ ಇಡಿ. ಮಾರ್ಚ್ ಆಸುಪಾಸಿನಲ್ಲಿ ಬರುವ ಞೆಪಿ ದಿನವಂತೂ ಇಡೀ ದ್ವೀಪ ಮೌನ. ವಿಮಾನ ನಿಲ್ದಾಣವೂ ಮುಚ್ಚುತ್ತದೆ, ನೀವು ಹೋಟೆಲಿನ ಗೇಟು ದಾಟುವ ಹಾಗಿಲ್ಲ.

ಇನ್ನು ಕಡಲು. ಸಾನುರ್ ಮತ್ತು ರೆಸಾರ್ಟುಗಳ ಬಡಾವಣೆಯಾದ ನುಸಾ ದುವಾ ಎರಡಕ್ಕೂ ಹವಳದ ದಿಬ್ಬ ಅಡ್ಡಗೋಡೆಯಂತಿದೆ. ಅಲೆ ದೂರದಲ್ಲೇ ಒಡೆಯುತ್ತದೆ, ಒಳಗೆ ಕೊಳದಂತೆ ಶಾಂತ ನೀರು. ಮಕ್ಕಳಿಗೆ, ಈಜು ಅಷ್ಟಾಗಿ ಬಾರದವರಿಗೆ ಇಂಥ ಜಾಗ ಹೇಳಿ ಮಾಡಿಸಿದಂತೆ. ಅದರ ಬೆಲೆ ಎಂದರೆ, ಇಳಿತದ ಹೊತ್ತಿನಲ್ಲಿ ಈಜುವಷ್ಟು ನೀರೇ ಇರುವುದಿಲ್ಲ. ದಿನಕ್ಕೆ ಎರಡು ಭರತ, ಎರಡು ಇಳಿತ. ಹುಣ್ಣಿಮೆ, ಅಮಾವಾಸ್ಯೆಗಳ ಹತ್ತಿರ ಇವೆರಡರ ಅಂತರ ಹೆಚ್ಚು. ಫೋನಿನಲ್ಲಿ ಆ ಊರಿನ ಭರತದ ಪಟ್ಟಿ ಸಿಗುತ್ತದೆ. ಭರತ ಮಧ್ಯಾಹ್ನ 2ರಿಂದ 5ರ ಒಳಗೆ ಬರುವ ದಿನ ಸಿಕ್ಕರೆ ಅದನ್ನೇ ಹಿಡಿಯಿರಿ. ಆ ಹೊತ್ತಿಗೆ ಇಳಿತವೇ ಬರುವುದಾದರೆ ರೆಸಾರ್ಟಿನ ಕೊಳ ಚೆನ್ನಾಗಿರುವ ಜಾಗ ಹುಡುಕಿ, ಇಲ್ಲವೇ ಪಶ್ಚಿಮ ದಡದ ಜಿಂಬರಾನ್ ಕಡೆ ಯೋಚಿಸಿ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪಶ್ಚಿಮದ ಗಾಳಿ ಕೂತಾ, ಸೆಮಿನ್ಯಾಕ್ ಕಡೆಯ ದಡಕ್ಕೆ ರಾಶಿ ಪ್ಲಾಸ್ಟಿಕ್ ಕಸ ತಂದು ಹಾಕುತ್ತದೆ. ಪೂರ್ವಕ್ಕೆ ಮುಖ ಮಾಡಿದ ಸಾನುರ್, ನುಸಾ ದುವಾಗಳಲ್ಲಿ ಆ ಕಾಟ ಕಡಿಮೆ.

ದುಡ್ಡು: ಸೊನ್ನೆಗಳ ಜೊತೆ ಸ್ನೇಹ

ಇಂಡೊನೇಷ್ಯಾದ ರುಪಿಯಾದಲ್ಲಿ ಎಲ್ಲರೂ ಲಕ್ಷಾಧೀಶರು. ಮೂರು ಸೊನ್ನೆ ಹೊಡೆದುಹಾಕಿ, ಉಳಿದದ್ದನ್ನು ಐದರಿಂದ ಗುಣಿಸಿ, ಮೇಲೆ ಸ್ವಲ್ಪ ಸೇರಿಸಿದರೆ ನಮ್ಮ ರೂಪಾಯಿಯ ಅಂದಾಜು ಸಿಗುತ್ತದೆ. 1 ಲಕ್ಷ ರುಪಿಯಾ ಎಂದರೆ 500 ಚಿಲ್ಲರೆ ರೂಪಾಯಿ. ಬೆಲೆ ಬರೆಯುವಾಗ ಸಾವಿರಕ್ಕೆ ಅಲ್ಪವಿರಾಮದ ಬದಲು ಚುಕ್ಕಿ ಇಡುತ್ತಾರೆ, ಆದ್ದರಿಂದ 150.000 ಎಂದರೆ ಒಂದೂವರೆ ಲಕ್ಷ. ಎಷ್ಟೋ ಕಡೆ ಬರೀ 150 ಎಂದೇ ಬರೆದಿರುತ್ತದೆ. ಮಾತಿನಲ್ಲಿ 'ರಿಬು' ಎಂದರೆ ಸಾವಿರ, 'ಜುತಾ' ಎಂದರೆ ಹತ್ತು ಲಕ್ಷ.

ಸಂತೆಗೆ ನಗದು ಬೇಕು, ಅದರಲ್ಲೂ 50 ಸಾವಿರ, 20 ಸಾವಿರ, 10 ಸಾವಿರದ ಚಿಲ್ಲರೆ ಬೇಕು. ಚೌಕಾಸಿ ಮಾಡಿ 70 ಸಾವಿರಕ್ಕೆ ಇಳಿಸಿ, ಆಮೇಲೆ 1 ಲಕ್ಷದ ನೋಟು ಚಾಚಿದರೆ ಚಿಲ್ಲರೆ ಇಲ್ಲ ಎಂಬ ಉತ್ತರ ಬರುವುದು ಸಹಜ. 1 ಲಕ್ಷದ ನೋಟು ಕೆಂಪು, 10 ಸಾವಿರದ್ದು ನೇರಳೆ. ಅಂಗಡಿಯ ಮಬ್ಬು ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಬೇರೆ ಬೇರೆ ಜೇಬಿನಲ್ಲಿಡಿ.

ಹಣ ಬದಲಿಸುವಲ್ಲಿ ಒಂದೇ ನಿಯಮ. ಕೊನೆಯ ಸಲ ಎಣಿಸುವ ಕೈ ನಿಮ್ಮದಾಗಿರಬೇಕು. ಬೀದಿಯ ಸಂದಿಯಲ್ಲಿ, ಬಟ್ಟೆ ಅಂಗಡಿಯ ಮೂಲೆಯಲ್ಲಿ ಎಲ್ಲರಿಗಿಂತ ಹೆಚ್ಚಿನ ದರ ಬರೆದ ಹಲಗೆ ಕಂಡರೆ ಮುಂದೆ ನಡೆಯಿರಿ. ಒಮ್ಮೆ ಅಂಥ ಕಡೆ ನನ್ನ ಎದುರಿಗೇ ಎಣಿಸಿದ ಕಟ್ಟಿನಿಂದ ನಾಲ್ಕು ನೋಟು ಮೇಜಿನ ಕೆಳಗೆ ಜಾರಿದ್ದು ಹೋಟೆಲಿಗೆ ಬಂದ ಮೇಲೆ ಗೊತ್ತಾಯಿತು. ಬ್ಯಾಂಕ್ ಇಂಡೊನೇಷ್ಯಾದ ಪರವಾನಗಿ ಫಲಕ ಇರುವ, ಕೌಂಟರಿನಲ್ಲಿ ಗಾಜು, ರಸೀದಿ ಎಲ್ಲ ಇರುವ ಕಡೆಗೆ ಹೋಗಿ. ಎಟಿಎಮ್ ಬಳಸಿದರೆ ಕಾರ್ಡ್ ಮರೆಯಬೇಡಿ. ಅಲ್ಲಿನ ಅನೇಕ ಯಂತ್ರಗಳು ಮೊದಲು ಹಣ ಕೊಟ್ಟು ಆಮೇಲೆ ಕಾರ್ಡ್ ಉಗುಳುತ್ತವೆ.

ಇನ್ನೊಂದು ಖರ್ಚು ಲೆಕ್ಕದಲ್ಲಿರಲಿ. 2024ರ ಫೆಬ್ರವರಿಯಿಂದ ವಿದೇಶಿ ಪ್ರವಾಸಿಗರು ಬಾಲಿಗೆ ತಲಾ 1.5 ಲಕ್ಷ ರುಪಿಯಾ ಶುಲ್ಕ ಕಟ್ಟಬೇಕು. ಇದು ವೀಸಾಕ್ಕೆ ಸೇರದ ಬೇರೆ ಹಣ. ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ, ಬರುವ ಕೋಡ್ ಫೋನಿನಲ್ಲಿಟ್ಟುಕೊಳ್ಳಿ.

ಕಾರು, ಡ್ರೈವರ್, ಮತ್ತು ಒಂದು ಒಪ್ಪಂದ

ಈ ದಿನಕ್ಕೆ ಸ್ಕೂಟರ್ ಬೇಡ. ಮರದ ಗರುಡನನ್ನು ತೊಡೆಯ ಮೇಲಿಟ್ಟುಕೊಂಡು ಆ ಟ್ರಾಫಿಕ್ಕಿನಲ್ಲಿ ಹೋಗುವುದು ಸಾಹಸ. ಡ್ರೈವರ್ ಸಮೇತ ಕಾರು 10 ಗಂಟೆಗಳ ಅವಧಿಗೆ ಸುಮಾರು 6ರಿಂದ 8 ಲಕ್ಷ ರುಪಿಯಾಕ್ಕೆ ಸಿಗುತ್ತದೆ, ಪೆಟ್ರೋಲ್ ಅದರಲ್ಲೇ ಸೇರಿರುತ್ತದೆ. ಪಾರ್ಕಿಂಗ್ ಸೇರಿದೆಯೇ, ಗಂಟೆ ಮೀರಿದರೆ ಎಷ್ಟು ಎಂಬೆರಡನ್ನು ಹಿಂದಿನ ದಿನವೇ ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಕಮಿಷನ್ ವಿಷಯ ಮುಚ್ಚಿಡುವುದೇನಿಲ್ಲ. ಡ್ರೈವರ್ ಕರೆದೊಯ್ಯುವ ದೊಡ್ಡ ಶೋರೂಮುಗಳಲ್ಲಿ ನೀವು ಕೊಟ್ಟ ಬೆಲೆಯ ಒಂದು ಪಾಲು ಅವನಿಗೆ ಹೋಗುತ್ತದೆ. ಅವನ ದಿನಗೂಲಿ ಅದರಲ್ಲೂ ನಿಂತಿದೆ, ಆದ್ದರಿಂದ ಸಿಟ್ಟಾಗುವ ಬದಲು ಬೆಳಿಗ್ಗೆಯೇ ಹೇಳಿಬಿಡಿ: ಬಸ್ಸು ನಿಲ್ಲುವ ಜಾಗ ಬೇಡ, ಮನೆಯಂಗಳದಲ್ಲಿ ಕೆಲಸ ಮಾಡುವವರ ಹತ್ತಿರ ಕರೆದುಕೊಂಡು ಹೋಗಿ, ಸಂಜೆ ನಾನೇ ಖುಷಿಯಿಂದ ಹೆಚ್ಚಿಗೆ ಕೊಡುತ್ತೇನೆ. ಹೀಗೆ ಹೇಳಿದ ದಿನಗಳಲ್ಲಿ ನನಗೆ ಸಿಕ್ಕಷ್ಟು ಒಳ್ಳೆಯ ಅಂಗಳಗಳು ಯಾವ ನಕ್ಷೆಯಲ್ಲೂ ಸಿಕ್ಕಿಲ್ಲ.

ಕರೆಯುವ ಬಗೆಯೂ ತಿಳಿದಿರಲಿ. ಗಂಡಸರಿಗೆ 'ಬ್ಲಿ', ಅಂದರೆ ಅಣ್ಣ. ಹೆಂಗಸರಿಗೆ 'ಮ್ಬೊಕ್', ಅಕ್ಕ. ಹಿರಿಯರಿಗೆ 'ಪಾಕ್', 'ಇಬು'. ಹೆಸರು ಹಿಡಿದು ಕರೆದರೆ ಕಷ್ಟ, ಏಕೆಂದರೆ ಹುಟ್ಟಿದ ಸರದಿಯ ಮೇಲೆ ವಯಾನ್, ಮಾದೆ, ಞೊಮನ್, ಕೆತುತ್ ಎಂದು ಹೆಸರಿಡುತ್ತಾರೆ. ಸಂತೆಯಲ್ಲಿ ವಯಾನ್ ಎಂದು ಕೂಗಿದರೆ ಆರು ತಲೆ ತಿರುಗುತ್ತವೆ.

ಒಂದು ಬಟ್ಟೆ ಚೀಲ ಮಡಚಿ ಇಟ್ಟುಕೊಳ್ಳಿ. ಅಂಗಡಿಗಳು ಪ್ಲಾಸ್ಟಿಕ್ ಕೈಚೀಲ ಕೊಡುವುದನ್ನು ಬಾಲಿ ಸರ್ಕಾರ 2019ರಿಂದ ನಿಲ್ಲಿಸಿದೆ.

ಬೆಳಿಗ್ಗೆ 8.30: ಮಾಸ್‌ನಲ್ಲಿ ಮರ

ಬೆಳಗಿನ ಹೆಚ್ಚು ಹೊತ್ತು ಇಲ್ಲಿಗೇ ಕೊಡಿ. ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ, ಮರದ ತುಂಡನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು ಕೆತ್ತುವ ಗಂಡಸರು, ಪಕ್ಕದಲ್ಲಿ ಮರಳು ಕಾಗದದಿಂದ ಉಜ್ಜುವ ಹೆಂಗಸರು. ಸುಮ್ಮನೆ ಹತ್ತು ನಿಮಿಷ ಕುಳಿತು ನೋಡಿ, ಯಾರೂ ಎಬ್ಬಿಸುವುದಿಲ್ಲ. ಇಡಾ ಬಾಗುಸ್ ಞಾನ ಮತ್ತು ಅವರ ಮಗ ಇಡಾ ಬಾಗುಸ್ ತಿಲೆಮ್ ಈ ಊರಿನ ಹೆಸರನ್ನು ಹೊರಗೆ ಒಯ್ದವರು. ಮರದ ಗಂಟು, ಬಾಗು, ಸೀಳುಗಳನ್ನೇ ಆಕೃತಿಗೆ ಒಗ್ಗಿಸಿಕೊಂಡ ತಿಲೆಮ್ ಅವರ ಕೆಲಸವನ್ನು ಅವರ ಕುಟುಂಬದ ಗ್ಯಾಲರಿಯಲ್ಲಿ ನೋಡಬಹುದು. ಕೊಳ್ಳುವ ಮೊದಲು ಅದನ್ನು ನೋಡಿದರೆ ಕಣ್ಣು ಪಳಗುತ್ತದೆ, ಆಮೇಲೆ ಕಂಡದ್ದೆಲ್ಲ ಬೇಕೆನಿಸುವುದಿಲ್ಲ.

ಯಾವ ಮರ ಎಂದು ಕೇಳುವುದು ಮೊದಲ ಪ್ರಶ್ನೆ. ಸುವಾರ್ ಎಂದರೆ ಮಳೆಮರ. ಅದರಲ್ಲಿ ತಿಳಿ ಮತ್ತು ಕಂದು ಎರಡು ಬಣ್ಣ ಒಂದೇ ತುಂಡಿನಲ್ಲಿ ಬರುತ್ತದೆ. ವಾರು ನಮ್ಮ ದಾಸವಾಳದ ಸಂಬಂಧಿ, ಬೂದು ಹಸಿರಿನ ಛಾಯೆ. ಪುಲೆ ಹಗುರ, ಮುಖವಾಡಗಳಿಗೆ ಅದನ್ನೇ ಬಳಸುತ್ತಾರೆ, ಪೂಜೆಯ ಮುಖವಾಡಕ್ಕೆ ಕಡಿಯುವ ಮುನ್ನ ಮರದ ಅಪ್ಪಣೆ ಕೇಳುವ ವಿಧಿಯೂ ಇದೆ. ಕರಿಮರ ಎಂದು ಹೇಳಿ ಕಪ್ಪು ಬಣ್ಣ ಬಳಿದ ಮರವನ್ನು ಕೊಡುವುದುಂಟು. ಒದ್ದೆ ಬಿಳಿ ಕರವಸ್ತ್ರದಿಂದ ತಳವನ್ನು ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಕಥೆ ಮುಗಿಯಿತು. ತೂಕವೂ ಹೇಳುತ್ತದೆ. ನಿಜವಾದ ಕರಿಮರ ನೀರಿನಲ್ಲಿ ಮುಳುಗುವಷ್ಟು ಭಾರ.

ಗಂಧದ ವಿಷಯದಲ್ಲಿ ನಮ್ಮವರು ಮೋಸ ಹೋಗುವುದಿಲ್ಲ ಎಂದುಕೊಂಡಿದ್ದೆ. ಹೋಗುತ್ತಾರೆ. ಬೇರೆ ಮರಕ್ಕೆ ಗಂಧದೆಣ್ಣೆ ಸವರಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಮೂಗು ಸೋಲುತ್ತದೆ. ಮೇಲ್ಮೈ ಮೂಸಬೇಡಿ, ತಳದಲ್ಲಿ ಉಗುರಿನಿಂದ ಗೀರಿ ಅಲ್ಲಿ ಮೂಸಿ. ಒಳಗಿನಿಂದ ಪರಿಮಳ ಬಾರದಿದ್ದರೆ ಕೆಳಗಿಡಿ.

ಆಮೇಲೆ ಕೆಲಸ ನೋಡಿ. ಮೂರ್ತಿಯನ್ನು ತಿರುಗಿಸಿ ಬೆನ್ನು, ಕಂಕುಳು, ಬೆರಳ ಸಂದಿ ನೋಡಿ. ಅವಸರದ ಕೆಲಸ ಅಲ್ಲಿ ಸಿಕ್ಕಿಬೀಳುತ್ತದೆ. ಮರದ ಎಳೆ ಥಟ್ಟನೆ ದಿಕ್ಕು ಬದಲಿಸಿದರೆ ಅಲ್ಲಿ ಅಂಟಿಸಿದ ಜೋಡಣೆ ಇದೆ. ಮರದ ಪುಡಿ ಮತ್ತು ಅಂಟು ತುಂಬಿದ ಬಿರುಕು ಬೆಳಕಿಗೆ ಓರೆಯಾಗಿ ಹಿಡಿದರೆ ಮಂಕಾಗಿ ಕಾಣುತ್ತದೆ. ಸೂಜಿಮೊನೆಯಷ್ಟು ತೂತು, ಅದರಿಂದ ಉದುರುವ ಹಿಟ್ಟು ಕಂಡರೆ ಹುಳ ಇನ್ನೂ ಒಳಗಿದೆ. ಎಷ್ಟು ಅಗ್ಗವಾದರೂ ಬೇಡ, ಮನೆಯ ಬೀರುವಿಗೂ ಅದು ಹಬ್ಬುತ್ತದೆ. ದೊಡ್ಡ ಮೂರ್ತಿಗಿಂತ ಅಂಗೈಯಗಲದ ಒಳ್ಳೆಯ ಕೆಲಸ ಕೊಳ್ಳುವುದು ನನ್ನ ಒಲವು. ಚೆನ್ನಾಗಿ ಒಣಗಿರುವ ಸಾಧ್ಯತೆ ಚಿಕ್ಕದಕ್ಕೇ ಹೆಚ್ಚು, ವಿಮಾನದಲ್ಲೂ ತೊಂದರೆಯಿಲ್ಲ.

ಬಾತುವಾನ್ ದಾರಿಯಲ್ಲೇ ಇದೆ. ಕಾಡು, ಜನ, ದೆವ್ವ, ದೇವರು ಒಂದಿಂಚೂ ಖಾಲಿ ಬಿಡದೆ ತುಂಬಿದ ಕಡುಬಣ್ಣದ ಚಿತ್ರಗಳು ಆ ಊರಿನ ಗುರುತು. 1930ರ ದಶಕದಲ್ಲಿ ಬೆಳೆದ ಶೈಲಿ ಅದು. ಕೊಂಡರೆ ಚೌಕಟ್ಟು ಬಿಚ್ಚಿಸಿ, ಕ್ಯಾನ್ವಾಸನ್ನು ಬಣ್ಣ ಹೊರಮುಖವಾಗುವಂತೆ ಸುತ್ತಿ ಕೊಳವೆಯಲ್ಲಿ ಹಾಕಿಸಿಕೊಳ್ಳಿ.

ಸುಕವತಿ: ಬೋಣಿ ಹೊತ್ತಿನ ಚೌಕಾಸಿ

ಸುಕವತಿಯ ಕಲಾ ಸಂತೆ ಉಡುಗೊರೆಗಳ ಜಾಗ. ಸರೋಂಗ್ ಎಂಬ ಲುಂಗಿಯಂಥ ಬಟ್ಟೆ, ಬೀಸಣಿಗೆ, ಗಾಳಿಗಂಟೆ, ಬುಟ್ಟಿ, ಚಪ್ಪಲಿ. ಆಫೀಸಿನ ಹದಿನೈದು ಜನಕ್ಕೆ ಏನಾದರೂ ಒಯ್ಯಬೇಕಾದರೆ ಇಲ್ಲೇ ಮುಗಿಸಿ. ಉಬುದ್‌ನ ಅರಮನೆಯ ಎದುರಿನ ಸಂತೆಯಲ್ಲೂ ಇದೇ ಸಾಮಾನು ಇದೆ, ಅಲ್ಲಿ ಆರಂಭದ ಬೆಲೆ ಹೆಚ್ಚು.

ನಮ್ಮಲ್ಲಿ ಬೋಣಿ ಇರುವ ಹಾಗೆ ಅಲ್ಲಿ 'ಪೆಂಗ್ಲಾರಿಸ್'. ದಿನದ ಮೊದಲ ವ್ಯಾಪಾರದ ನೋಟನ್ನು ಅಂಗಡಿಯವಳು ಉಳಿದ ಸಾಮಾನಿಗೆಲ್ಲ ತಟ್ಟಿ ಮುಟ್ಟಿಸುತ್ತಾಳೆ, ಉಳಿದದ್ದೂ ಮಾರಾಟವಾಗಲಿ ಎಂದು. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಅವರಿಗೆ ಮನಸ್ಸು ಬಾರದು, ಹಾಗಾಗಿ ಬೆಲೆ ಬೇಗ ಇಳಿಯುತ್ತದೆ. ಈ ನಂಬಿಕೆಯ ಲಾಭ ಪಡೆಯುವವರು ಒಂದು ಮಾತು ನೆನಪಿಡಬೇಕು. ಬೆಲೆ ಕೇಳಿ, ಇಳಿಸಿ, ಒಪ್ಪಿಸಿ, ಆಮೇಲೆ ಬೇಡ ಎಂದು ಹೋಗುವುದು ಬೋಣಿ ಕೆಡಿಸಿದ ಹಾಗೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ಬೆಲೆಯನ್ನೇ ಕೇಳಬೇಡಿ.

ಮಾತುಕತೆ ಹೀಗಿರಲಿ. 'ಬೆರಾಪಾ?' ಎಷ್ಟು? ಅವಳು ಎರಡು ಲಕ್ಷ ಎನ್ನುತ್ತಾಳೆ. ನೀವು ನಗಿ. 'ಬೊಲೆಹ್ ಕುರಾಂಗ್?' ಕಡಿಮೆ ಮಾಡಬಹುದಾ? ಕ್ಯಾಲ್ಕುಲೇಟರ್ ನಿಮ್ಮ ಕೈಗೆ ಬರುತ್ತದೆ. ಅರ್ಧಕ್ಕಿಂತ ಸ್ವಲ್ಪ ಕೆಳಗೆ ಒತ್ತಿ. ಅವಳು ಎದೆ ಮೇಲೆ ಕೈಯಿಟ್ಟು ದಿವಾಳಿಯಾದೆ ಎನ್ನುತ್ತಾಳೆ. ಅದು ಆಟದ ಭಾಗ. ನಾಲ್ಕೈದು ಸುತ್ತಿನಲ್ಲಿ ಅರ್ಧದ ಆಸುಪಾಸಿಗೆ ಬಂದು ನಿಂತರೆ ಇಬ್ಬರಿಗೂ ಸಮಾಧಾನ. ಒಂದೇ ಅಂಗಡಿಯಲ್ಲಿ ಐದು ಸಾಮಾನು ಒಟ್ಟಿಗೆ ಹಿಡಿದು ಬೆಲೆ ಕೇಳಿದರೆ ಇನ್ನಷ್ಟು ಇಳಿಯುತ್ತದೆ. ಕೊನೆಯ 5 ಸಾವಿರ ರುಪಿಯಾಕ್ಕಾಗಿ ಹತ್ತು ನಿಮಿಷ ಜಗ್ಗುವವರನ್ನು ಕಂಡಿದ್ದೇನೆ. ಅದು ನಮ್ಮ 25 ರೂಪಾಯಿ ಚಿಲ್ಲರೆ, ಬಿಟ್ಟುಬಿಡಿ. 'ಹರ್ಗಾ ಪಾಸ್' ಎಂದು ಬರೆದಿದ್ದರೆ ಒಂದೇ ಬೆಲೆ, ಅಲ್ಲಿ ಜಗ್ಗುವುದು ಸರಿಯಲ್ಲ. ಕೆತ್ತಿದವನೇ ಎದುರು ಕುಳಿತು ತಾನೇ ಬೆಲೆ ಹೇಳುವ ಅಂಗಳದಲ್ಲೂ ನಾನು ಅರ್ಧಕ್ಕೆ ಕೇಳುವುದಿಲ್ಲ, ಹತ್ತರಲ್ಲಿ ಒಂದೆರಡು ಪಾಲು ಇಳಿದರೆ ಸಾಕು.

ಹಣ ಬಲಗೈಯಲ್ಲಿ ಕೊಡಿ. ನೆಲದ ಮೇಲೆ, ಮೆಟ್ಟಿಲ ಮೇಲೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅಕ್ಕಿ, ಊದುಬತ್ತಿ ಇರುತ್ತದೆ. ಅದು ಚನಂಗ್ ಸಾರಿ, ಆ ದಿನದ ನೈವೇದ್ಯ. ದಾಟದೆ ಸುತ್ತಿ ಹೋಗಿ.

ಇಲ್ಲಿ ಆತಾ ಬುಟ್ಟಿ-ಚೀಲಗಳನ್ನೂ ನೋಡುತ್ತೀರಿ. ಆತಾ ಎಂಬ ಬಳ್ಳಿಯಿಂದ ಹೆಣೆದು, ಬಿಸಿಲಿಗೆ ಒಣಗಿಸಿ, ತೆಂಗಿನ ಸಿಪ್ಪೆಯ ಹೊಗೆ ಕೊಟ್ಟಾಗ ಆ ಕಂದು ಬಣ್ಣ ಬರುತ್ತದೆ. ಹೊಗೆ ವಾಸನೆ ಇರಲೇಬೇಕು, ಕೆಲವು ವಾರದಲ್ಲಿ ಹೋಗುತ್ತದೆ. ವಾರ್ನಿಷ್ ವಾಸನೆ ಬಂದರೆ ಬೇರೆ ಅಂಗಡಿ ನೋಡಿ. ಹಿಡಿಕೆ ಸೇರುವ ಜಾಗವನ್ನು ಎರಡೂ ಕೈಯಿಂದ ಜಗ್ಗಿ ನೋಡುವುದು ತಪ್ಪಲ್ಲ.

ಚೆಲುಕ್: ಬೆಳ್ಳಿಯ ಸಾಸಿವೆ

ಚೆಲುಕ್ ಅಕ್ಕಸಾಲಿಗರ ಊರು. ಇಲ್ಲಿನ ವಿಶೇಷ ಜಾವನ್, ಅಂದರೆ ಸಾಸಿವೆಗಿಂತ ಸಣ್ಣ ಬೆಳ್ಳಿ ಗುಂಡುಗಳನ್ನು ಒಂದೊಂದಾಗಿ ಅಂಟಿನಿಂದ ಕೂರಿಸಿ, ಬೆಂಕಿ ತೋರಿಸಿ ಬೆಸೆಯುವುದು. ಭೂತಗನ್ನಡಿ ಕೇಳಿ ಪಡೆದು ನೋಡಿ. ಗುಂಡುಗಳು ಒಂದೇ ಅಳತೆಯಾಗಿ, ಸಾಲು ನೆಟ್ಟಗಿದ್ದು, ಬುಡದಲ್ಲಿ ಬೆಸುಗೆ ಹರಿದು ಗುಡ್ಡೆಯಾಗದಿದ್ದರೆ ಒಳ್ಳೆಯ ಕೈ. ಅಚ್ಚಿನಲ್ಲಿ ಎರಕ ಹೊಯ್ದದ್ದಾದರೆ ಗುಂಡುಗಳ ನಡುವೆ ಸಂದಿಯೇ ಕಾಣದೆ ಮುದ್ದೆಯಾಗಿರುತ್ತದೆ.

925 ಎಂಬ ಮುದ್ರೆ ಇದ್ದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಮುದ್ರೆ ಹಾಕುವುದು ಯಾರಿಗೂ ಕಷ್ಟವಲ್ಲ, ಆದ್ದರಿಂದ ಅದೊಂದನ್ನೇ ನಂಬಬೇಡಿ. ತೂಕ ಹಾಕಿಸಿ, ಗ್ರಾಂ ಲೆಕ್ಕವೆಷ್ಟು, ಮಜೂರಿ ಎಷ್ಟು ಎಂದು ಬೇರೆ ಬೇರೆ ಕೇಳಿ. ನಮ್ಮಲ್ಲಿ ಒಡವೆ ಕೊಂಡು ಅಭ್ಯಾಸವಿರುವವರಿಗೆ ಇದು ಹೊಸದಲ್ಲ. ಉತ್ತರ ತೊದಲಿದರೆ ಎದ್ದುಬನ್ನಿ. ಹೆದ್ದಾರಿ ಮೇಲಿನ ದೊಡ್ಡ ಮಳಿಗೆಗಳಲ್ಲಿ ನೂರಕ್ಕೆ ಐವತ್ತು ರಿಯಾಯಿತಿ ಎಂದರೆ ಬೆಲೆಯನ್ನು ಮೊದಲೇ ಎರಡರಷ್ಟು ಮಾಡಿದ್ದಾರೆ ಎಂದುಕೊಳ್ಳಬಹುದು. ಒಳಬೀದಿಗೆ ತಿರುಗಿದರೆ ಮನೆಯ ಜಗಲಿಯಲ್ಲೇ ಕೆಲಸ ನಡೆಯುತ್ತಿರುತ್ತದೆ. ಕೆಲವು ಕಡೆ ಎರಡು ಮೂರು ಗಂಟೆ ಕೂರಿಸಿ ನಿಮ್ಮ ಕೈಯಿಂದಲೇ ಉಂಗುರ ಮಾಡಿಸುತ್ತಾರೆ. ಖುಷಿಯ ಕೆಲಸ, ಆದರೆ ಅದೇ ದಿನ ಕಡಲು ಬೇಕೆಂದರೆ ಹೊತ್ತು ಸಾಲದು.

ಬಟ್ಟೆ: ತಿರುಗಿಸಿ ನೋಡುವ ಪಾಠ

ತೋಹ್ಪತಿಯಲ್ಲಿ ಬಾತಿಕ್, ಅಂದರೆ ಮೇಣದಲ್ಲಿ ಚಿತ್ತಾರ ಬರೆದು ಬಣ್ಣ ಹಾಕುವ ಬಟ್ಟೆ, ಮಾಡುವುದನ್ನು ತೋರಿಸುತ್ತಾರೆ. ಬಾತಿಕ್ ಮೂಲತಃ ಜಾವಾದ ಕಸುಬು. ಯುನೆಸ್ಕೊ 2009ರಲ್ಲಿ ಅದನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. 'ತುಲಿಸ್' ಎಂದರೆ ಚಂತಿಂಗ್ ಎಂಬ ಪುಟ್ಟ ತಾಮ್ರದ ಕೊಕ್ಕಿನಿಂದ ಬಿಸಿ ಮೇಣದಲ್ಲಿ ಕೈಯಾರೆ ಬರೆದದ್ದು. 'ಚಾಪ್' ಎಂದರೆ ತಾಮ್ರದ ಅಚ್ಚೊತ್ತಿದ್ದು. ಮೂರನೆಯದು ಬರೀ ಮುದ್ರಣ. ಸಂತೆಯ ಅಗ್ಗದ ಸರೋಂಗುಗಳಲ್ಲಿ ಬಹುಪಾಲು ಅದೇ. ಬಟ್ಟೆಯನ್ನು ಮಗುಚಿ. ಎರಡು ಮಗ್ಗುಲೂ ಒಂದೇ ಗಾಢತೆ ಇದ್ದರೆ ಮೇಣದ ಕೆಲಸ, ಹಿಂಭಾಗ ಪೇಲವವಾಗಿದ್ದರೆ ಮುದ್ರಣ. ಒಂದೇ ಹೂವನ್ನು ನಾಲ್ಕು ಕಡೆ ಹೋಲಿಸಿ ನೋಡಿ, ಕೈಬರಹದಲ್ಲಿ ಒಂದರಂತೆ ಒಂದು ಇರುವುದಿಲ್ಲ.

ಬಾಲಿಯದೇ ಬಟ್ಟೆ ಬೇಕೆಂದರೆ ಎಂಡೆಕ್ ಕೇಳಿ. ಹೊಕ್ಕಿನ ನೂಲನ್ನು ನೇಯುವ ಮುನ್ನವೇ ಕಟ್ಟಿ ಬಣ್ಣ ಹಾಕುವ ನೇಯ್ಗೆ ಅದು, ಹಾಗಾಗಿ ಚಿತ್ತಾರದ ಅಂಚು ನೀರಿನಲ್ಲಿ ಕದಡಿದಂತೆ ಮಸುಕು. 2021ರಿಂದ ಅಲ್ಲಿನ ಸರ್ಕಾರಿ ಕಚೇರಿಗಳಲ್ಲಿ ಮಂಗಳವಾರ ಎಂಡೆಕ್ ಉಡುತ್ತಾರೆ. ಹಾಸು, ಹೊಕ್ಕು ಎರಡಕ್ಕೂ ಹೀಗೆ ಬಣ್ಣ ಕಟ್ಟಿ ನೇಯುವ ಗ್ರಿಂಗ್ಸಿಂಗ್ ಬಾಲಿಯಲ್ಲಿ ಪೂರ್ವದ ತೆಂಗನಾನ್ ಊರಿನಲ್ಲಿ ಮಾತ್ರ. ಗುಜರಾತಿನ ಪಾಟಣದ ಪಟೋಲ ಸೀರೆ ಗೊತ್ತಿದ್ದವರಿಗೆ ಈ ಕಷ್ಟ ಅರ್ಥವಾಗುತ್ತದೆ. ಈ ದಾರಿಯ ಅಂಗಡಿಯಲ್ಲಿ ಯಾರಾದರೂ ಅಗ್ಗಕ್ಕೆ ಗ್ರಿಂಗ್ಸಿಂಗ್ ಎಂದು ತೋರಿಸಿದರೆ ಮುಗುಳ್ನಕ್ಕು ಮಡಿಸಿಡಿ.

ಬಾತುಬುಲನ್‌ನ ಕಲ್ಲಿನ ಗಣಪತಿಗಳು ಚೆಂದ. ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಪರಾಸ್ ಎಂಬ ಮೆದುಕಲ್ಲು. ಮೊಣಕಾಲೆತ್ತರದ್ದೇ ಒಬ್ಬರಿಂದ ಎತ್ತಲಾಗದು. ಕಾರಿನಿಂದಲೇ ನೋಡಿ ಮುಂದೆ ಹೋಗಿ. ಬೇಕೇ ಬೇಕು ಎಂದರೆ ಹಡಗಿನಲ್ಲಿ ಕಳಿಸುವ ಪ್ಯಾಕಿಂಗ್ ಕಂಪನಿಗಳಿವೆ, ಘನ ಮೀಟರ್ ಲೆಕ್ಕದಲ್ಲಿ ದುಡ್ಡು, ಬಂದರಿನ ಖರ್ಚು ಬೇರೆ.

ಕೊಳ್ಳಬಾರದ್ದು

ಆಮೆಚಿಪ್ಪಿನ ಬಳೆ, ಹವಳದ ತುಂಡು, ದಂತ, ದೊಡ್ಡ ಶಂಖಗಳನ್ನು ಮುಟ್ಟಬೇಡಿ. ವನ್ಯಜೀವಿ ಕಾನೂನಿನಡಿ ಎರಡೂ ದೇಶಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಹಳೆಯದು, ಅಜ್ಜನ ಕಾಲದ್ದು ಎಂದು ಹೇಳಿದ್ದನ್ನು ನಂಬಿದರೆ ಒಂದು ತೊಂದರೆ, ಅದು ನಿಜವೇ ಆಗಿದ್ದರೆ ಇನ್ನೊಂದು. ಪರಂಪರೆಯ ಹಳೆಯ ವಸ್ತುಗಳನ್ನು ಅನುಮತಿಯಿಲ್ಲದೆ ಹೊರಗೊಯ್ಯುವಂತಿಲ್ಲ. ಅಲಂಕಾರದ ಕ್ರಿಸ್ ಕತ್ತಿ ಕೊಂಡರೆ ಅದು ಚೆಕ್-ಇನ್ ಸಾಮಾನಿಗೇ ಹೋಗಬೇಕು.

ಮಧ್ಯಾಹ್ನ 1: ರೆಸಾರ್ಟಿನ ಗೇಟು

ಅಲ್ಲೇ ರೂಮು ಮಾಡಿದ್ದರೆ ಸರಿ. ಇಲ್ಲದಿದ್ದರೂ ಅನೇಕ ರೆಸಾರ್ಟುಗಳು ಹೊರಗಿನವರಿಗೆ ಡೇ ಪಾಸ್ ಕೊಡುತ್ತವೆ. ಕೆಲವು ಕಡೆ ಪ್ರವೇಶಕ್ಕೆ ಕೊಟ್ಟ ಹಣವನ್ನು ಊಟ-ತಿಂಡಿಗೆ ಮುರಿದುಕೊಳ್ಳಬಹುದು, ಕೆಲವು ಕಡೆ ಆಗದು. ಫೋನಿನಲ್ಲಿ ಕೇಳಬೇಕಾದ್ದು ನಾಲ್ಕು: ಹಣ ಊಟಕ್ಕೆ ಹೊಂದುತ್ತದೆಯೇ, ನೆರಳಿರುವ ಮಂಚ ಕಾದಿರಿಸುತ್ತಾರೆಯೇ, ಟವೆಲ್ ಮತ್ತು ಲಾಕರ್ ಕೊಡುತ್ತಾರೆಯೇ, ಎಷ್ಟು ಹೊತ್ತಿಗೆ ಜಾಗ ಬಿಡಬೇಕು. ಮಕ್ಕಳಿದ್ದರೆ ಐದನೆಯದು, ಕೊಳಕ್ಕೆ ವಯಸ್ಸಿನ ನಿಯಮವಿದೆಯೇ.

ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆ ಇದ್ದರೆ ಸೇವಾಶುಲ್ಕ ಮತ್ತು ತೆರಿಗೆ ಬೇರೆ ಎಂದರ್ಥ. ಬೆಲೆಯ ಮೇಲೆ ನೂರಕ್ಕೆ 10, ಆ ಮೊತ್ತದ ಮೇಲೆ ಮತ್ತೆ 10, ಒಟ್ಟು 21. ಮೂರು ಲಕ್ಷದ ಊಟದ ಬಿಲ್ಲು 3.63 ಲಕ್ಷವಾಗಿ ಬಂದಾಗ ಗಾಬರಿಯಾಗಬೇಡಿ.

ಎಲ್ಲಿಗೆ ಹೋಗುವುದು? ಕಸುಬಿನ ದಾರಿಯಿಂದ ಇಳಿದು ಬಂದವರಿಗೆ ಸಾನುರ್ ಹತ್ತಿರ, ನನ್ನ ಮನಸ್ಸೂ ಅತ್ತಲೇ. ತೆಂಗಿನ ಮರ ಮೀರಿದ ಕಟ್ಟಡ ಅಲ್ಲಿ ಒಂದೇ ಒಂದು, 1966ರ ಹತ್ತು ಮಹಡಿಯ ಹೋಟೆಲು. ಅದನ್ನು ನೋಡಿದ ಮೇಲೆಯೇ 15 ಮೀಟರ್ ದಾಟಬಾರದು ಎಂಬ ನಿಯಮ ಬಂದದ್ದು. ದಡದುದ್ದಕ್ಕೂ ನಡೆಯುವ ಹಾದಿ ಕೆಲವು ಕಿಲೋಮೀಟರ್ ಸಾಗುತ್ತದೆ. ನುಸಾ ದುವಾ 1970ರ ದಶಕದಲ್ಲಿ ಯೋಜನೆ ಹಾಕಿ ಕಟ್ಟಿದ ರೆಸಾರ್ಟ್ ಬಡಾವಣೆ. ಎಲ್ಲ ಅಚ್ಚುಕಟ್ಟು, ಗುಡಿಸಿದ ಮರಳು, ಸಣ್ಣ ಮಕ್ಕಳ ಸಂಸಾರಕ್ಕೆ ನೆಮ್ಮದಿ, ಸ್ವಲ್ಪ ಸಪ್ಪೆ. ಅಲ್ಲಿಗೆ ಸಮುದ್ರದ ಮೇಲಿನ ಟೋಲ್ ಸೇತುವೆ 2013ರಿಂದ ಇದೆ, ಹಾಗಾಗಿ ದಾರಿ ತೊಂದರೆಯಿಲ್ಲ. ಕೂತಾ, ಸೆಮಿನ್ಯಾಕ್ ಅಲೆಯಾಟದವರಿಗೆ. ಕೆಂಪು ಬಾವುಟ ನೆಟ್ಟ ಕಡೆ ನೀರಿನ ಒಳಸೆಳೆತ ಇರುತ್ತದೆ, ಮೊಣಕಾಲಿನವರೆಗೂ ಇಳಿಯಬೇಡಿ.

ಬಂದ ತಕ್ಷಣ ನೀರಿಗೆ ಓಡಬೇಡಿ. ಸಾಮಾನನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಮುಚ್ಚಿದ ಕಾರಿನ ಕಾವಿಗೆ ಬೆಳಿಗ್ಗೆ ಕೊಂಡ ಮರ ಸಂಜೆಯೊಳಗೆ ಬಿರುಕು ಬಿಡಬಹುದು. ರಿಸೆಪ್ಶನ್‌ನಲ್ಲಿ ಕೊಟ್ಟು ಚೀಟಿ ಪಡೆಯಿರಿ. ಡ್ರೈವರಿಗೆ ಊಟದ ದುಡ್ಡು ಕೊಟ್ಟು, ಎಷ್ಟಕ್ಕೆ ಬರಬೇಕೆಂದು ಹೇಳಿ. ಆಮೇಲೆ ತಣ್ಣೀರು ಸ್ನಾನ, ಊಟ, ನೆರಳಲ್ಲಿ ಒಂದು ಗಂಟೆ ನಿದ್ದೆ.

ಸಸ್ಯಾಹಾರಿಗಳು ಊಟದ ವಿಷಯದಲ್ಲಿ ಸ್ಪಷ್ಟವಾಗಿ ಹೇಳಬೇಕು. ಸೋಯಾದಿಂದ ಮಾಡುವ ತೆಂಪೆ, ತಾಹು, ತರಕಾರಿಗೆ ಶೇಂಗಾ ಗೊಜ್ಜು ಹಾಕಿದ ಗಾದೊ-ಗಾದೊ ಎಲ್ಲ ಸಿಗುತ್ತದೆ. ಆದರೆ ಸಂಬಲ್ ಚಟ್ನಿಯಲ್ಲಿ 'ತೆರಾಸಿ' ಎಂಬ ಸೀಗಡಿ ಮುದ್ದೆ ಇರುತ್ತದೆ, ಗಾದೊ-ಗಾದೊ ಮೇಲೆ ಮೊಟ್ಟೆ ಮತ್ತು ಸೀಗಡಿ ಹಪ್ಪಳ. 'ತನ್ಪಾ' ಎಂದರೆ 'ಇಲ್ಲದೆ'. ತನ್ಪಾ ತೆರಾಸಿ, ತನ್ಪಾ ತೆಲುರ್, ತನ್ಪಾ ಇಕಾನ್, ತನ್ಪಾ ದಾಗಿಂಗ್. ಸೀಗಡಿ ಮುದ್ದೆ, ಮೊಟ್ಟೆ, ಮೀನು, ಮಾಂಸ ಇಲ್ಲದೆ. ಕಾಗದದಲ್ಲಿ ಬರೆದು ತೋರಿಸಿದರೆ ಇನ್ನೂ ಒಳ್ಳೆಯದು. ಕುಡಿಯುವವರಿಗೊಂದು ಮಾತು. ಮುಚ್ಚಳ, ಲೇಬಲ್ ಇಲ್ಲದ ಅಗ್ಗದ ಅರಾಕ್ ಬೇಡ. ಮೆಥನಾಲ್ ಬೆರೆತ ಸಾರಾಯಿಯಿಂದ ಅಲ್ಲಿ ಸಾವುಗಳಾಗಿವೆ.

ಬಾಲಿ ಸಮಭಾಜಕದಿಂದ ಬರೀ 8 ಡಿಗ್ರಿ ದಕ್ಷಿಣದಲ್ಲಿದೆ. ಗಾಳಿ ತಂಪಾಗಿದ್ದರೂ ಬಿಸಿಲು ಸುಡುತ್ತದೆ, ನಮ್ಮ ಬಣ್ಣಕ್ಕೇನಾಗುತ್ತದೆ ಎಂಬ ಧೈರ್ಯ ಎರಡನೇ ದಿನಕ್ಕೆ ಸಿಪ್ಪೆ ಸುಲಿಯುತ್ತದೆ. ಸನ್‌ಸ್ಕ್ರೀನ್ ನೀರಿಗಿಳಿಯುವ 20 ನಿಮಿಷ ಮೊದಲು, ನೀರಿನಿಂದ ಎದ್ದ ಮೇಲೆ ಮತ್ತೊಮ್ಮೆ. ಹವಳದ ದಿಬ್ಬದ ಒಳಗೆ ಕಡಲ ಮುಳ್ಳುಚೆಂಡುಗಳಿರುತ್ತವೆ. ನೀರಿನ ಶೂ ಹಾಕಿ, ಇಲ್ಲವೇ ಕಾಲೂರದೆ ಈಜಿ.

ಮಸಾಜ್ ಬೇಕೆಂದರೆ ಈಜಿನ ನಂತರಕ್ಕೆ ಇಟ್ಟುಕೊಳ್ಳಿ. ಮೊದಲೇ ಮಾಡಿಸಿದರೆ ಮೈಗೆ ಎಣ್ಣೆ ಮೆತ್ತಿಕೊಂಡು ಬಿಸಿಲಿಗೆ ಹೋದ ಹಾಗೆ. ಬಾಲಿಯ ಮಸಾಜು ಕೊಬ್ಬರಿ ಎಣ್ಣೆಯಲ್ಲಿ, ಅಂಗೈ ಊರಿ ಉದ್ದಕ್ಕೆ ಎಳೆಯುವ ಬಗೆಯದು. ಸಣ್ಣಗೆ ಒತ್ತಬೇಕೆಂದರೆ 'ಪೆಲಾನ್' ಎನ್ನಿ, ಜೋರಾಗಿ ಬೇಕೆಂದರೆ 'ಕುಆತ್'. ಶುಂಠಿ, ಲವಂಗ, ಅಕ್ಕಿ ಅರೆದು ಹಚ್ಚುವ 'ಬೊರೆಹ್' ಎಂಬ ಲೇಪವೂ ಇದೆ, ಗದ್ದೆಯಲ್ಲಿ ದುಡಿದ ಮೈಗೆ ಮಾಡಿಕೊಂಡ ಮದ್ದು. ಬಿಸಿಲಿಗೆ ಕೆಂಪಾದ ಚರ್ಮಕ್ಕೆ ಮಾತ್ರ ಬೇಡ, ಉರಿ ತಡೆಯಲಾರಿರಿ.

ಸಂಜೆ 6ರಿಂದ 6.50ರೊಳಗೆ ವರ್ಷಪೂರ್ತಿ ಸೂರ್ಯ ಮುಳುಗುತ್ತಾನೆ. ಕಡಲಿನಲ್ಲೇ ಮುಳುಗುವುದನ್ನು ನೋಡಬೇಕೆಂದರೆ ಪಶ್ಚಿಮಕ್ಕೆ, ಜಿಂಬರಾನ್‌ಗೆ ಹೋಗಬೇಕು. ಅಲ್ಲಿ ಮರಳ ಮೇಲೆ ಮೇಜು ಹಾಕಿ ತೆಂಗಿನ ಸಿಪ್ಪೆಯ ಕೆಂಡದಲ್ಲಿ ಮೀನು ಸುಡುತ್ತಾರೆ. ಮೀನನ್ನು ಎದುರಿಗೇ ತೂಗಿಸಿ, ಕಿಲೋ ಬೆಲೆಯನ್ನು ಮೊದಲೇ ಬರೆಸಿಕೊಳ್ಳಿ. ಸಾನುರ್‌ನಲ್ಲೇ ಉಳಿದವರಿಗೆ ಸೂರ್ಯ ಬೆನ್ನ ಹಿಂದೆ ಇಳಿಯುತ್ತಾನೆ, ಹುಣ್ಣಿಮೆಯ ದಿನವಾದರೆ ಅದೇ ಹೊತ್ತಿಗೆ ಎದುರಿನ ನೀರಿನಿಂದ ಚಂದ್ರ ಏಳುತ್ತಾನೆ. ಅಲ್ಲೂ ಅದನ್ನು 'ಪುರ್ನಾಮ' ಎನ್ನುತ್ತಾರೆ.

ರಾತ್ರಿ: ಸೂಟ್‌ಕೇಸಿನ ಕೆಲಸ

ಸುಸ್ತಾಗಿದ್ದರೂ ಅರ್ಧ ಗಂಟೆ ಇದಕ್ಕೆ ಕೊಡಿ. ರಸೀದಿಗಳನ್ನೆಲ್ಲ ಒಂದು ಲಕೋಟೆಗೆ ಹಾಕಿ, ಕಸ್ಟಮ್ಸ್‌ನಲ್ಲಿ ಕೇಳಿದರೆ ಬೇಕಾಗುತ್ತದೆ. ಬೆಳ್ಳಿಯನ್ನು ಗಾಳಿಯಾಡದ ಸಣ್ಣ ಚೀಲಗಳಲ್ಲಿ ಬೇರೆ ಬೇರೆ ಇಟ್ಟು ಕೈಚೀಲದಲ್ಲಿ ಒಯ್ಯಿರಿ. ಹೊಸ ಬಾತಿಕ್ ಬಣ್ಣ ಬಿಡುವುದರಿಂದ ಬಿಳಿ ಬಟ್ಟೆಗಳ ಜೊತೆ ತುರುಕಬೇಡಿ. ಆತಾ ಬುಟ್ಟಿಯೊಳಗೆ ಸರೋಂಗುಗಳನ್ನು ತುಂಬಿದರೆ ಬುಟ್ಟಿ ಆಕಾರ ಕಳೆದುಕೊಳ್ಳುವುದಿಲ್ಲ, ಜಾಗವೂ ಉಳಿಯುತ್ತದೆ.

ಮರದ ಕೆತ್ತನೆಯನ್ನು ಪತ್ರಿಕೆ ಕಾಗದದಲ್ಲಿ, ಅದರ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಬಟ್ಟೆಗಳ ನಡುವೆ ಮಲಗಿಸಿ. ಮನೆಗೆ ಬಂದ ಮೇಲೆ ಅದನ್ನು ತಕ್ಷಣ ಶೋಕೇಸಿನಲ್ಲಿ ನಿಲ್ಲಿಸುವ ಆಸೆ ತಡೆದುಕೊಳ್ಳಿ. ತೇವದ ಹವೆಯಲ್ಲಿದ್ದ ಮರ ಫ್ಯಾನು, ಏಸಿ ಗಾಳಿಗೆ ಒಮ್ಮೆಲೇ ಒಣಗಿದರೆ ಸೀಳುತ್ತದೆ. ನನ್ನ ಬೆಕ್ಕು ಹೋಳಾದದ್ದು ಹಾಗೆ. ಪ್ಲಾಸ್ಟಿಕ್ಕನ್ನು ವಾರಕ್ಕೊಂದು ಕಡೆ ಸ್ವಲ್ಪ ಸ್ವಲ್ಪ ಬಿಡಿಸುತ್ತ ಒಂದೆರಡು ತಿಂಗಳು ಬಿಡಿ. ಕೂದಲೆಳೆಯ ಬಿರುಕು ಕಂಡರೆ ಅಂಟು ತುಂಬಬೇಡಿ, ಮಳೆಗಾಲದಲ್ಲಿ ಅದು ತಾನೇ ಮುಚ್ಚಿಕೊಳ್ಳುವುದುಂಟು.